ಎಡೆದೊರೆ ನಾಡಿನ ಬಂಡೆಯೂ ಯುರೋಪಿನ ಜ್ಞಾನೋದಯವೂ

‘ಜ್ಞಾನೋದಯ ಯುಗಕ್ಕೆ ವೈಜ್ಞಾನಿಕ ಸಂಶೋಧನೆಗಳು ಹೇಗೆ ಕಾರಣವಾದವು?’ ಇದು ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಬಹುಕಾಲದಿಂದ ನಡೆದು ಬಂದ ಪ್ರಶ್ನೆ. ಉತ್ತರವೂ ಅಷ್ಟೇ ಹಳೆಯದು. ಕೋಪರ್ನಿಕಸ್, ಗೆಲಿಲಿಯೋ, ನ್ಯೂಟನ್ ಎಂದು ಮೂರು ಹೆಸರು ಬರೆದು, ಮೂರು ಇಸವಿ ಹಾಕಿ, ‘ಆದ್ದರಿಂದ’ ಎಂದು ಒಂದು ಪದ ಸೇರಿಸಿ, ವಾಲ್ಟೇರ್, ಮಾಂಟೆಸ್ಕ್ಯೂ, ರೂಸೋ ಎಂದು ಮತ್ತೆ ಮೂರು ಹೆಸರು ಬರೆದರೆ ಅಂಕಗಳಿಗೆ ಕೊರತೆಯಿರಲಿಲ್ಲ. ಆದರೆ ಆಕಾಶದಲ್ಲಿ ಗ್ರಹಗಳು ತಿರುಗುವ ಬಗೆ ತಿಳಿದ ಮಾತ್ರಕ್ಕೆ ಭೂಮಿಯ ಮೇಲೆ ಮನುಷ್ಯರು ಯೋಚಿಸುವ ಬಗೆ ಏಕೆ ಬದಲಾಗಬೇಕು? ನಡುವಿನ ಆ ‘ಆದ್ದರಿಂದ’ ಎಂಬ ಪದದೊಳಗೆ ಏನಿದೆ? ಈ ಲೇಖನದಲ್ಲಿ ಅದನ್ನೇ ಬಿಡಿಸಿ ಹೇಳಲು ಯತ್ನಿಸುತ್ತೇನೆ. ಅದಕ್ಕಾಗಿ ನಾವು ಲಂಡನ್ನಿಗೂ ಪ್ಯಾರಿಸ್ಸಿಗೂ ಒಮ್ಮೆ ಹೋಗಿ ಬರಬೇಕಾಗುತ್ತದೆ; ಆದರೆ ನಿಲ್ಲುವುದು ಮಾತ್ರ ಮಸ್ಕಿಯಲ್ಲಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಹಾದು ಹೋಗುವ ಅದೇ ಮಸ್ಕಿಯಲ್ಲಿ.

ಮೊದಲು ಯುರೋಪಿನ ಮಾತು. 1543ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕೋಪರ್ನಿಕಸನು ಸೂರ್ಯನನ್ನು ನಡುವಿಗೆ ತಂದು ಭೂಮಿಯನ್ನು ತಿರುಗಿಸಿದನು. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಿಂದ ಚಂದ್ರನ ಮೇಲಿನ ಬೆಟ್ಟಗಳನ್ನೂ ಗುರುಗ್ರಹದ ನಾಲ್ಕು ಉಪಗ್ರಹಗಳನ್ನೂ ಕಂಡು ಬರೆದನು. 1633ರಲ್ಲಿ ಧರ್ಮಪೀಠವು ಅವನನ್ನು ವಿಚಾರಣೆಗೆ ಗುರಿಪಡಿಸಿ ಬಾಯಿ ಮುಚ್ಚಿಸಿತು. ಆದರೆ ಮುಚ್ಚಿದ್ದು ಒಬ್ಬನ ಬಾಯಿ ಮಾತ್ರ. ಗುರುವಿನ ಉಪಗ್ರಹಗಳು ಗೆಲಿಲಿಯೋನ ಮಾತಿನ ಮೇಲೆ ನಿಂತಿರಲಿಲ್ಲ; ದೂರದರ್ಶಕ ಹಿಡಿದ ಯಾರ ಕಣ್ಣಿಗಾದರೂ ಅವು ಕಾಣುತ್ತಿದ್ದವು. ಇದು ಹೊಸತು. ಅಲ್ಲಿಯವರೆಗೆ ‘ಯಾರು ಹೇಳಿದರು?’ ಎಂಬುದು ಮುಖ್ಯವಾಗಿತ್ತು. ಈಗ ‘ಹೇಗೆ ತಿಳಿಯಿತು? ನಾನೂ ನೋಡಬಹುದೇ?’ ಎಂಬುದು ಮುಖ್ಯವಾಯಿತು. 1660ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಸೊಸೈಟಿಯು ಯಾರ ಮಾತನ್ನೂ ಬರಿದೇ ನಂಬಬಾರದೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನೇ ತನ್ನ ಧ್ಯೇಯವಾಕ್ಯವನ್ನಾಗಿ ಇಟ್ಟುಕೊಂಡಿತು. ನಮ್ಮ ಹಿರಿಯರು ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಇದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಹೋಗಿದ್ದಾರೆ.

1687ರಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಹೊರಬಂದಿತು. ಗಿಡದಿಂದ ಬೀಳುವ ಹಣ್ಣಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ ಎಂದು ಅದು ಗಣಿತದಿಂದ ತೋರಿಸಿತು. ಅವನ ಸ್ನೇಹಿತ ಎಡ್ಮಂಡ್ ಹ್ಯಾಲಿ ಆ ನಿಯಮವನ್ನು ಧೂಮಕೇತುಗಳಿಗೆ ಅನ್ವಯಿಸಿದನು. 1531, 1607 ಮತ್ತು 1682ರಲ್ಲಿ ಕಂಡದ್ದು ಮೂರು ಧೂಮಕೇತುಗಳಲ್ಲ, ಒಂದೇ ಎಂದೂ, ಅದು 1758ರ ಸುಮಾರಿಗೆ ಮತ್ತೆ ಬರುವುದೆಂದೂ 1705ರಲ್ಲಿ ಬರೆದನು. ಹ್ಯಾಲಿ 1742ರಲ್ಲಿ ತೀರಿಕೊಂಡನು. ಹದಿನಾರು ವರ್ಷಗಳ ನಂತರ, 1758ರ ಡಿಸೆಂಬರ್ 25ರ ರಾತ್ರಿ, ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ ಪಾಲಿಚ್ ಎಂಬ ಒಬ್ಬ ರೈತನು ಆ ಧೂಮಕೇತುವನ್ನು ಮೊದಲು ಕಂಡನು. ಊಹೆ ಮಾಡಿದವನು ಪಂಡಿತ, ಸಾಕ್ಷಿ ನುಡಿದವನು ಒಕ್ಕಲುಮಗ. ಹೇಳಿದವನು ಇಲ್ಲದಿದ್ದರೂ ಹೇಳಿದ ಮಾತು ತನ್ನ ಕಾಲ ಮೇಲೆ ತಾನು ನಿಂತಿತು. ಈ ಪ್ರಸಂಗವನ್ನು ದಯವಿಟ್ಟು ನೆನಪಿನಲ್ಲಿಡಿ. ಇದರ ಜೊತೆಗಾರ ಪ್ರಸಂಗವೊಂದು ನಮ್ಮ ಜಿಲ್ಲೆಯಲ್ಲೇ ನಡೆದಿದೆ.

ಈ ಬಗೆಯ ಗೆಲುವುಗಳನ್ನು ಕಂಡ ಚಿಂತಕರಿಗೆ ಒಂದು ಧೈರ್ಯ ಬಂತು. ಆಕಾಶದ ವಿಷಯದಲ್ಲಿ ಪರೀಕ್ಷಿಸಿ ತಿಳಿಯಬಹುದಾದರೆ, ರಾಜ್ಯ, ಕಾನೂನು, ಧರ್ಮ, ಶಿಕ್ಷಣಗಳನ್ನೂ ಹಾಗೆಯೇ ಪರೀಕ್ಷಿಸಬಾರದೇಕೆ? ನ್ಯೂಟನ್ನನ ಮಿತ್ರನಾಗಿದ್ದ ಜಾನ್ ಲಾಕ್, ಮನುಷ್ಯನು ಹುಟ್ಟುವಾಗಲೇ ಜ್ಞಾನವನ್ನು ಹೊತ್ತು ತರುವುದಿಲ್ಲ, ಅನುಭವದಿಂದ ಪಡೆಯುತ್ತಾನೆ ಎಂದು ವಾದಿಸಿದನು. ಹಾಗಾದರೆ ಹುಟ್ಟಿನಿಂದಲೇ ಬಲ್ಲವರು, ಹುಟ್ಟಿನಿಂದಲೇ ಆಳಬೇಕಾದವರು ಎಂಬ ಮಾತಿಗೆ ಆಧಾರವೆಲ್ಲಿ ಉಳಿಯಿತು? ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಹಿಂದಿರುಗಿದ ವಾಲ್ಟೇರ್ 1738ರಲ್ಲಿ ನ್ಯೂಟನ್ನನ ತತ್ತ್ವಗಳನ್ನು ಸಾಮಾನ್ಯ ಓದುಗರಿಗಾಗಿ ಫ್ರೆಂಚಿನಲ್ಲಿ ಬರೆದನು. ಎಮಿಲಿ ದು ಶಾತ್ಲೆ ಎಂಬ ವಿದುಷಿ ‘ಪ್ರಿನ್ಸಿಪಿಯಾ’ವನ್ನೇ ಫ್ರೆಂಚಿಗೆ ಅನುವಾದಿಸಿದಳು, ಅವಳ ಮರಣದ ನಂತರ 1759ರಲ್ಲಿ, ಅಂದರೆ ಧೂಮಕೇತು ಮರಳಿ ಬಂದ ಸಮಯದಲ್ಲೇ, ಅದು ಪೂರ್ಣವಾಗಿ ಅಚ್ಚಾಯಿತು. 1748ರಲ್ಲಿ ಮಾಂಟೆಸ್ಕ್ಯೂ ಕಾನೂನುಗಳನ್ನು ದೇಶ, ಹವೆ, ವ್ಯಾಪಾರಗಳೊಡನೆ ಹೋಲಿಸಿ ಅವುಗಳ ಕಾರಣಗಳನ್ನು ಹುಡುಕಿದನು. ದಿದರೋ ಮತ್ತು ದಾಲಂಬೇರ್ 1751ರಿಂದ ಹೊರತಂದ ವಿಶ್ವಕೋಶದಲ್ಲಿ ತತ್ತ್ವಶಾಸ್ತ್ರದ ಪಕ್ಕದಲ್ಲೇ ಕಮ್ಮಾರ, ನೇಕಾರ, ಗಾಜು ಮಾಡುವವರ ಕಸುಬುಗಳಿಗೂ ಚಿತ್ರಸಹಿತ ಸ್ಥಾನ ದೊರೆಯಿತು. ‘ಆದ್ದರಿಂದ’ ಎಂಬ ಪದದೊಳಗೆ ಇರುವುದು ಇದು. ವಿಜ್ಞಾನವು ಜ್ಞಾನೋದಯಕ್ಕೆ ಕೊಟ್ಟದ್ದು ಕೆಲವು ಹೊಸ ಸಂಗತಿಗಳನ್ನಷ್ಟೇ ಅಲ್ಲ. ಒಂದು ಮಾತನ್ನು ಸ್ವತಂತ್ರ ಸಾಕ್ಷ್ಯ ಬರುವವರೆಗೆ ಊಹೆಯೆಂದೇ ಇಟ್ಟುಕೊಳ್ಳುವ ಅಭ್ಯಾಸವನ್ನು ಅದು ಕೊಟ್ಟಿತು.

ಆ ಕಾಲದ ಚಿಂತಕರು ದೇವತೆಗಳೇನಲ್ಲ ಎಂಬುದನ್ನೂ ಹೇಳಬೇಕು. ಮನುಷ್ಯನ ಸ್ವಾತಂತ್ರ್ಯದ ಕುರಿತು ಬರೆದ ಅದೇ ಲಾಕ್, ಆಫ್ರಿಕದ ಗುಲಾಮರನ್ನು ಮಾರುತ್ತಿದ್ದ ಕಂಪನಿಯಲ್ಲಿ ಹಣ ಹೂಡಿದ್ದನು. ನಮ್ಮ ದೇಶಕ್ಕಂತೂ ಈ ಹೊಸ ವಿದ್ಯೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಬೆನ್ನ ಹಿಂದೆ. ನೆಲವನ್ನು ಅಳೆದದ್ದು ಕಂದಾಯಕ್ಕಾಗಿ, ಕಲ್ಲನ್ನು ಒಡೆದು ನೋಡಿದ್ದು ಗಣಿಗಾಗಿ. ಆದರೆ ಅಳತೆ ಮಾಡಿದವನ ಉದ್ದೇಶ ಕೆಟ್ಟದ್ದಾದರೂ ಅಳತೆ ಸರಿಯಾಗಿದ್ದರೆ ಅದು ಸರಿಯೇ. ಈ ವಿಧಾನದ ದೊಡ್ಡತನ ಇರುವುದೂ ಅಲ್ಲಿಯೇ. ಅದು ಯಾರ ಸ್ವತ್ತೂ ಅಲ್ಲ. ಜ್ಞಾನದ ಪ್ರಮಾಣಗಳು ಯಾವುವು ಎಂಬುದನ್ನು ನಮ್ಮ ನ್ಯಾಯಶಾಸ್ತ್ರವೂ ಶತಮಾನಗಳ ಕಾಲ ಚರ್ಚಿಸಿದೆ. ಪ್ರಶ್ನಿಸುವ ಬುದ್ಧಿ ಯುರೋಪಿನಲ್ಲಿ ಮಾತ್ರ ಹುಟ್ಟಿತೆಂದು ಯಾರೂ ತಿಳಿಯಬೇಕಾಗಿಲ್ಲ.

1784ನೆಯ ಇಸವಿಯಲ್ಲಿ ಎರಡು ಘಟನೆಗಳು ನಡೆದವು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್, ‘ಜ್ಞಾನೋದಯವೆಂದರೇನು?’ ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಪ್ರಬಂಧ ಬರೆದು, ಮನುಷ್ಯನು ತನ್ನ ಬುದ್ಧಿಯನ್ನು ತಾನೇ ಬಳಸುವ ಧೈರ್ಯ ಮಾಡಬೇಕೆಂದನು. ಅದೇ ವರ್ಷದ ಜನವರಿಯಲ್ಲಿ ಕಲ್ಕತ್ತೆಯ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದನು. ಪ್ರಬಂಧ ಓದುವುದು, ಚರ್ಚಿಸುವುದು, ಅಚ್ಚು ಹಾಕಿ ಹತ್ತು ಜನರ ಪರೀಕ್ಷೆಗೆ ಒಡ್ಡುವುದು ಎಂಬ ಲಂಡನ್ನಿನ ಪದ್ಧತಿ ಹೀಗೆ ಹೂಗ್ಲಿ ನದಿಯ ದಡಕ್ಕೆ ಬಂತು. ಅಲ್ಲಿಂದ ನಮ್ಮ ನಾಡಿಗೆ ಅದು ಎರಡು ಹೊಳೆಗಳಾಗಿ ಹರಿದು ಬಂದಿತು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಪ್ರದೇಶಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಎರಡು ತೊರೆಗಳ ನಡುವಿನ ನಾಡು. ಈ ಎರಡು ವಿದ್ಯೆಯ ಹೊಳೆಗಳೂ ಇಲ್ಲಿಯೇ ಕೂಡಿದ್ದು ಒಂದು ಸೊಗಸು.

ಮೊದಲನೆಯದು ಕಲ್ಲಿನ ವಿದ್ಯೆ. ಐರ್ಲೆಂಡಿನ ಧರ್ಮಾಧಿಕಾರಿ ಅಷರ್ 17ನೆಯ ಶತಮಾನದಲ್ಲಿ ಧರ್ಮಗ್ರಂಥದ ವಂಶಾವಳಿಗಳನ್ನು ಕೂಡಿಸಿ, ಜಗತ್ತು ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದಿದ್ದನು. ಫ್ರಾನ್ಸಿನ ಬುಫಾನ್ ಕಬ್ಬಿಣದ ಗುಂಡುಗಳನ್ನು ಕಾಯಿಸಿ, ಅವು ಎಷ್ಟು ಹೊತ್ತಿಗೆ ಆರುತ್ತವೆಂದು ಅಳೆದು, ಭೂಮಿಗೆ ಸುಮಾರು 75,000 ವರ್ಷಗಳಾಗಿವೆ ಎಂದು 1778ರಲ್ಲಿ ಬರೆದನು. ಲೆಕ್ಕ ತಪ್ಪಾಗಿತ್ತು, ಆದರೆ ವಂಶಾವಳಿಯನ್ನು ಬಿಟ್ಟು ವಸ್ತುವನ್ನೇ ಕೇಳಿದ ಕ್ರಮ ಸರಿಯಾಗಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1788ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಇಂದು ಮಳೆ, ಹೊಳೆ, ಬೆಂಕಿಗಳು ಮಾಡುತ್ತಿರುವ ಕೆಲಸವನ್ನೇ ಹಿಂದೆಯೂ ಮಾಡುತ್ತಿದ್ದವು, ಹಾಗಾಗಿ ಭೂಮಿಯ ವಯಸ್ಸು ಊಹೆಗೂ ನಿಲುಕದಷ್ಟು ದೊಡ್ಡದು ಎಂದನು. ನಮ್ಮ ಪುರಾಣಗಳಲ್ಲಿ ಕಲ್ಪ, ಮನ್ವಂತರಗಳ ಮಹಾಸಂಖ್ಯೆಗಳಿರುವುದು ನಿಜ. ಆದರೆ ಅವು ಕಲ್ಲನ್ನು ಪರೀಕ್ಷಿಸಿ ಪಡೆದ ಸಂಖ್ಯೆಗಳಲ್ಲ.

ಈ ಹೊಸ ಕಾಲಪ್ರಜ್ಞೆಯ ಹಿನ್ನೆಲೆಯಲ್ಲಿ ಲಿಂಗಸುಗೂರಿನ ಹೆಸರು ಬರುತ್ತದೆ. 1842ರಲ್ಲಿ ಡಾ. ಪ್ರಿಮ್‌ರೋಸ್ ಎಂಬುವರು ಲಿಂಗಸುಗೂರಿನಲ್ಲಿ ಕಲ್ಲಿನ ಚಾಕು ಮತ್ತು ಬಾಣದ ಮೊನೆಗಳನ್ನು ಕಂಡುಹಿಡಿದರು. ಕರ್ನಾಟಕದ ಪ್ರಾಗಿತಿಹಾಸದ ಶೋಧನೆಯ ಕಥೆ ಆರಂಭವಾಗುವುದೇ ಅಲ್ಲಿಂದ. ಲೋಹವನ್ನು ಅರಿಯದ ಮನುಷ್ಯರು ಬಹು ಪ್ರಾಚೀನ ಕಾಲದಲ್ಲಿ ಬದುಕಿದ್ದರೆಂಬುದನ್ನು ಯುರೋಪಿನ ವಿದ್ವಾಂಸರೇ ಸಾಮಾನ್ಯವಾಗಿ ಒಪ್ಪಿದ್ದು 1859ರ ಸುಮಾರಿಗೆ. 1858ರಲ್ಲಿ ಭಾರತೀಯ ಭೂವಿಜ್ಞಾನ ಸಮೀಕ್ಷೆಯನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತದ ಉದ್ದಗಲಕ್ಕೆ ಸಂಚರಿಸಿ ಶಿಲಾಯುಗದ ನೆಲೆಗಳನ್ನು ದಾಖಲಿಸಿದರು, ಮಸ್ಕಿಗೂ ಬಂದಿದ್ದರು. ಚಿನ್ನ ಅಡಗಿರುವ ಶಿಲಾಸಮೂಹವನ್ನು ಬೇರ್ಪಡಿಸಿ ‘ಧಾರವಾಡ ಶಿಲೆಗಳು’ ಎಂದು ಕರೆದವರೂ ಅವರೇ. ಹಟ್ಟಿಯ ಚಿನ್ನ ಇರುವುದು ಅಂಥ ಶಿಲೆಗಳಲ್ಲಿ. ಅವು 250 ಕೋಟಿ ವರ್ಷಗಳಿಗೂ ಹಳೆಯವೆಂದು ಇಂದು ಗೊತ್ತಾಗಿದೆ. ಈ ಶಿಲೆಗಳ ಜಾಡು ಹಿಡಿದೇ ಗಣಿಯ ಎಂಜಿನಿಯರುಗಳು ನಮ್ಮ ಸೀಮೆಗೆ ಬಂದರು.

ಎರಡನೆಯದು ಅಕ್ಷರದ ವಿದ್ಯೆ. ಅಶೋಕನ ಕಾಲದ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಶತಮಾನಗಳ ಹಿಂದೆಯೇ ಇಲ್ಲವಾಗಿದ್ದರು. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಎರಡು ಅಶೋಕ ಸ್ತಂಭಗಳನ್ನು ದೆಹಲಿಗೆ ಸಾಗಿಸಿ ತಂದು ಪಂಡಿತರಿಂದ ಓದಿಸಲು ಯತ್ನಿಸಿದಾಗ ಯಾರಿಂದಲೂ ಸಾಧ್ಯವಾಗಲಿಲ್ಲ. ಅದನ್ನು ಸಾಧಿಸಿದವನು ಜೇಮ್ಸ್ ಪ್ರಿನ್ಸೆಪ್. ವೃತ್ತಿಯಿಂದ ಟಂಕಸಾಲೆಯಲ್ಲಿ ಲೋಹದ ಶುದ್ಧತೆಯನ್ನು ಪರೀಕ್ಷಿಸುವ ಅಧಿಕಾರಿ. ಕುಲುಮೆಯ ಅತಿ ಹೆಚ್ಚಿನ ತಾಪವನ್ನು ಅಳೆಯುವ ವಿಧಾನದ ಕುರಿತು ಬರೆದು 1828ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿದ್ದನು. ಲೋಹವನ್ನು ಒರೆಗೆ ಹಚ್ಚಿ ನೋಡುವವನು ಲಿಪಿಯನ್ನೂ ಹಾಗೆಯೇ ನೋಡಿದನು. ದೇಶದ ನಾನಾ ಕಡೆಯಿಂದ ಶಾಸನದ ಪ್ರತಿಗಳನ್ನು ತರಿಸಿದನು, ಅಕ್ಷರಗಳನ್ನು ಎಣಿಸಿದನು, ಹೋಲಿಸಿದನು. ಸಾಂಚಿಯ ಸ್ತೂಪದ ಕಟಾಂಜನದ ಮೇಲಿದ್ದ ಪುಟ್ಟ ಪುಟ್ಟ ಬರಹಗಳೆಲ್ಲ ಒಂದೇ ಜೋಡಿ ಅಕ್ಷರಗಳಿಂದ ಮುಗಿಯುತ್ತಿದ್ದವು. ಗುಡಿಗೆ ಕಾಣಿಕೆ ಕೊಟ್ಟವರು ಹೆಸರು ಬರೆಸುವುದು ಲೋಕರೂಢಿ. ಹಾಗಾದರೆ ಆ ಪದ ‘ದಾನಂ’ ಇರಬೇಕು ಎಂದು ಊಹಿಸಿದನು. ‘ದ’ ಮತ್ತು ‘ನ’ ಸಿಕ್ಕವು. ಆ ಎಳೆ ಹಿಡಿದು 1837ರಲ್ಲಿ ಇಡೀ ಲಿಪಿ ಬಿಚ್ಚಿಕೊಂಡಿತು. ಈ ಕೆಲಸದಲ್ಲಿ ಕಮಲಾಕಾಂತ ವಿದ್ಯಾಲಂಕಾರರಂಥ ಪಂಡಿತರ ನೆರವೂ ಇತ್ತು. ಅವರ ಹೆಸರು ಪಾಠಪುಸ್ತಕಗಳಲ್ಲಿ ಅಪರೂಪ.

ಲಿಪಿ ತಿಳಿದರೂ ಒಂದು ತೊಡಕು ಉಳಿಯಿತು. ಎಲ್ಲೆಡೆ ಮಾತನಾಡುತ್ತಿದ್ದವನು ‘ದೇವಾನಂಪಿಯ ಪಿಯದಸಿ’ ಎಂಬ ಅರಸ. ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಯಾರಿವನು? ಸಿಂಹಳದ ಒಬ್ಬ ರಾಜನಿರಬಹುದೆಂದು ಪ್ರಿನ್ಸೆಪ್ ಮೊದಲು ತಿಳಿದನು. ಆಗ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಅಲ್ಲಿಯ ಪಾಳಿ ವೃತ್ತಾಂತವೊಂದರಲ್ಲಿ ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನಿಗೆ ಪಿಯದಸ್ಸಿ ಎಂಬ ಹೆಸರಿರುವುದನ್ನು ತೋರಿಸಿದನು. ಪ್ರಿನ್ಸೆಪ್ ತನ್ನ ಮೊದಲ ಅಭಿಪ್ರಾಯವನ್ನು ಕೈಬಿಟ್ಟನು. ಮರುವರ್ಷ ಗಿರಿನಾರದ ಶಾಸನದಲ್ಲಿ ‘ಅಂತಿಯೋಕ’, ‘ತುರಮಾಯ’ ಎಂಬ ಗ್ರೀಕ್ ಅರಸರ ಹೆಸರುಗಳು ದೊರೆತವು, ಕಾಲವೂ ಕೂಡಿಬಂತು. 1840ರಲ್ಲಿ, ನಾಲ್ವತ್ತು ತುಂಬಿದ ಕೆಲವೇ ತಿಂಗಳಲ್ಲಿ, ಪ್ರಿನ್ಸೆಪ್ ತೀರಿಕೊಂಡನು. ವಿದ್ವಾಂಸರು ಬಹುಮಟ್ಟಿಗೆ ಈ ಗುರುತನ್ನು ಒಪ್ಪಿದರು. ಆದರೂ ಒಂದು ಕೊರತೆ ಇದ್ದೇ ಇತ್ತು. ಆ ಅರಸನು ಬರೆಸಿದ ಯಾವ ಶಾಸನದಲ್ಲೂ ‘ಅಶೋಕ’ ಎಂಬ ಹೆಸರು ಸಿಕ್ಕಿರಲಿಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನಗಳನ್ನು ಕಂಡುಹಿಡಿದಾಗಲೂ ಅಲ್ಲಿ ಇದ್ದದ್ದು ‘ದೇವಾನಂಪಿಯ’ ಎಂಬ ಬಿರುದು ಮಾತ್ರ.

1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅಂದು ಮಸ್ಕಿ ನಿಜಾಮರ ಸಂಸ್ಥಾನದಲ್ಲಿತ್ತು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಸ್ಥಾಪನೆಯಾಗಿ ಒಂದು ವರ್ಷವಾಗಿತ್ತಷ್ಟೆ. ಶಾಸನತಜ್ಞರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಆರಂಭದಲ್ಲೇ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ದೇವಾನಾಂಪ್ರಿಯ ಅಶೋಕನದು ಎಂದರ್ಥ. ಉಳಿದ ಪಾಠವು ಬ್ರಹ್ಮಗಿರಿ ಮುಂತಾದ ಕಡೆ ಸಿಕ್ಕ ಶಾಸನದ ಪಾಠವೇ. ಒಂದೇ ಆಜ್ಞೆ; ಅಲ್ಲಿ ಬಿರುದು, ಇಲ್ಲಿ ಬಿರುದಿನ ಜೊತೆ ಹೆಸರು. ಸಿಂಹಳದ ಗ್ರಂಥವೊಂದನ್ನು ಆಧರಿಸಿ ಕಲ್ಕತ್ತೆಯಲ್ಲಿ ಮಾಡಿದ ಊಹೆಗೆ, ಆ ಗ್ರಂಥವನ್ನು ಕಂಡರಿಯದ ಕಲ್ಲೊಂದು 78 ವರ್ಷಗಳ ನಂತರ ಸಾಕ್ಷಿ ನುಡಿಯಿತು. ಹ್ಯಾಲಿಯ ಧೂಮಕೇತು ಮರಳಿ ಬಂದಂತೆಯೇ ಇದು. ಅಲ್ಲಿ ಸಾಕ್ಷಿಯಾದವನು ರೈತ, ಇಲ್ಲಿ ಚಿನ್ನ ಹುಡುಕುವ ವೃತ್ತಿಯವನು. ಹಟನ್ನನಿಂದ ಹೊರಟ ಕಲ್ಲಿನ ವಿದ್ಯೆಯೂ ಜೋನ್ಸ್‌ನಿಂದ ಹೊರಟ ಅಕ್ಷರದ ವಿದ್ಯೆಯೂ ಕೂಡಿದ್ದು ಆ ಬಂಡೆಯ ಮೇಲೆ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೊಳಗಳಲ್ಲೂ ಅಶೋಕನ ಹೆಸರಿರುವ ಶಾಸನಗಳು ದೊರೆತು ಸಾಕ್ಷ್ಯ ಇನ್ನಷ್ಟು ಗಟ್ಟಿಯಾಯಿತು.

ಆ ಶಾಸನದ ತಿರುಳನ್ನೂ ತಿಳಿದಿರಬೇಕು. ದೊಡ್ಡವರು ಮಾತ್ರ ಈ ಉನ್ನತಿಯನ್ನು ಮುಟ್ಟಬಲ್ಲರೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಮುಟ್ಟಬಲ್ಲನು ಎಂದು ಅರಸನು ಅಲ್ಲಿ ಹೇಳುತ್ತಾನೆ. ಅದನ್ನು ಎಲ್ಲರಿಗೂ ತಿಳಿಸಬೇಕೆಂಬುದು ಅವನ ಇಚ್ಛೆ. ಹೀಗೆ ಎಲ್ಲರಿಗಾಗಿ ಕೊರೆಸಿದ ಮಾತು ಓದುವವರಿಲ್ಲದೆ ನೂರಾರು ವರ್ಷ ಮೂಕವಾಗಿ ಬಿದ್ದಿತ್ತು. ಬಂಡೆಯ ಮುಂದೆ ದನ ಕಾದ ತಲೆಮಾರುಗಳಿಗೆ ಕಣ್ಣಿತ್ತು, ಬುದ್ಧಿಯೂ ಇತ್ತು. ಇಲ್ಲದಿದ್ದುದು ವಿದ್ಯೆಯ ಸೌಕರ್ಯ. ಶಿಕ್ಷಣವೆಂದರೆ ಏನೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಕಾಣೆ.

ಈಗ ನಿಮಗೊಂದು ಪರೀಕ್ಷೆ. ಬ್ರಹ್ಮಗಿರಿಯ ಶಾಸನದಲ್ಲಿ ‘ಸುವರ್ಣಗಿರಿ’ ಎಂಬ ಊರಿನ ಹೆಸರಿದೆ. ಮೌರ್ಯ ರಾಜಕುಮಾರನೊಬ್ಬನು ದಕ್ಷಿಣದ ಆಡಳಿತ ನಡೆಸುತ್ತಿದ್ದ ಸ್ಥಳ ಅದು. ಅದು ಎಲ್ಲಿತ್ತು? ಮಸ್ಕಿಯೇ ಎಂದವರಿದ್ದಾರೆ, ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದವರಿದ್ದಾರೆ, ಆಂಧ್ರದ ಎರ್ರಗುಡಿಯ ಬಳಿಯ ಜೊನ್ನಗಿರಿ ಎಂದವರೂ ಇದ್ದಾರೆ. ನಮ್ಮಲ್ಲಿ ಚಿನ್ನವಿದೆ, ಪ್ರಾಚೀನ ಗಣಿಗಳ ಕುರುಹುಗಳಿವೆ, ಅಶೋಕನ ಹೆಸರೇ ಇದೆ. ಹಾಗಾಗಿ ಸುವರ್ಣಗಿರಿ ನಮ್ಮದೇ ಎಂದು ಸಾರಿಬಿಡಲು ಅಭಿಮಾನ ಒತ್ತಾಯಿಸುತ್ತದೆ. ಮೊಬೈಲಿನಲ್ಲಿ ಒಂದು ಸಾಲು ಬರೆದು ಕಳುಹಿಸಿದರೆ ಸಂಜೆಯೊಳಗೆ ಸಾವಿರ ಜನ ಅದನ್ನು ನಂಬಿಯೂ ಬಿಡುತ್ತಾರೆ. ಆದರೆ ಚಿನ್ನ ಇದ್ದ ಮಾತ್ರಕ್ಕೆ ಅದು ಸುವರ್ಣಗಿರಿಯಾಗದು. ಹೆಸರು ಹೊತ್ತ ಶಾಸನ ಬೇಕು, ರಾಜಧಾನಿಯೊಂದರ ಅವಶೇಷ ಬೇಕು. 1954ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ಉತ್ಖನನ ಮಾಡಿದಾಗ ನವಶಿಲಾಯುಗ ಮತ್ತು ತಾಮ್ರಶಿಲಾಯುಗದಿಂದ ಮೊದಲುಗೊಂಡು ಬೃಹತ್ ಶಿಲಾಸಮಾಧಿಗಳ ಕಾಲ, ಇತಿಹಾಸದ ಆದಿಕಾಲ, ಮಧ್ಯಯುಗ ಎಂದು ನಾಲ್ಕು ಘಟ್ಟಗಳ ಜನಜೀವನ ಬೆಳಕಿಗೆ ಬಂತು. ಇಷ್ಟು ದೀರ್ಘ ಬದುಕು ಕಂಡ ಊರಿಗೆ ಸಾಬೀತಾಗದ ಇನ್ನೊಂದು ಕಿರೀಟದ ಅವಸರವಿಲ್ಲ.

ಪ್ರಿನ್ಸೆಪ್ ಕಾಯಬೇಕಾಯಿತು, ಹ್ಯಾಲಿಯೂ ಕಾಯಬೇಕಾಯಿತು. ಇಬ್ಬರೂ ತಮ್ಮ ಮಾತು ನಿಜವಾದ ದಿನವನ್ನು ನೋಡಲಿಲ್ಲ. ನಮ್ಮ ಊರಿನ ಮೇಲಿನ ಪ್ರೀತಿಗೂ ಅಷ್ಟು ತಾಳ್ಮೆ ಇದ್ದರೆ ಅದಕ್ಕೆ ಘನತೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಾವೇ ಶಿಕ್ಷಕರು, ಎಂಜಿನಿಯರುಗಳು, ವೈದ್ಯರು, ಒಕ್ಕಲುತನ ಮಾಡುವವರು. ದೂರದ ಊರುಗಳಲ್ಲಿರುವ ಬಂಧುಗಳ ಮಕ್ಕಳೂ ಇದನ್ನು ಓದುತ್ತಾರೆಂದು ಬಲ್ಲೆ. ರಜೆಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಮಸ್ಕಿಯ ಗುಡ್ಡಕ್ಕೆ ಹೋಗಿ ಬನ್ನಿ. ಅದು ರಕ್ಷಿತ ಸ್ಮಾರಕ. ಕಲ್ಲಿನ ಮೇಲೆ ಏನನ್ನೂ ಗೀಚಬಾರದೆಂದು ಮೊದಲೇ ಹೇಳಿರಿ. ಅಕ್ಷರಗಳನ್ನು ತೋರಿಸಿ, ಇದು ಅಶೋಕನ ಹೆಸರು ಎನ್ನಿ. ‘ಅದು ಹೇಗೆ ಗೊತ್ತು?’ ಎಂದು ಮಗು ಕೇಳಿದರೆ ಗದರಿಸಬೇಡಿ. ಕೂಡಿಸಿಕೊಂಡು ಸಾಂಚಿಯ ‘ದಾನಂ’ ಎಂಬ ಪದದಿಂದ ಆರಂಭಿಸಿ ಹೇಳಿ. ಆ ಪ್ರಶ್ನೆ ಕೇಳಿದ ಮಗುವಿಗೆ ಜ್ಞಾನೋದಯದ ಪಾಠ ಅರ್ಧ ಆಗಿದೆಯೆಂದೇ ತಿಳಿಯಿರಿ. ಎಲ್ಲರಿಗೂ ಶುಭವಾಗಲಿ.